ಗುರುತುಮಾಪಕದ ಮೂರನೇ ಸಾಕ್ಷಿ

ಸುಪ್ರಿಯಾ ಹಾವನೂರ ಕಟ್ಟಿದ ಬಳಗಕ್ಕೆ ಬಿದ್ದ ಖರ್ಚು ಇಷ್ಟು: ಹನ್ನೊಂದು ವರ್ಷ, ದಿನಕ್ಕೆ ಮುಕ್ಕಾಲು ಗಂಟೆ. ಬೆಳಗಿನ ಚಹಾ ಆರುವ ಮೊದಲೇ 'ವೃತ್ತಿಬಳಗ' ಜಾಲತಾಣದ ಪುಟ ತೆರೆದು ಬಡ್ತಿ ಸಿಕ್ಕವರಿಗೆ ಅಭಿನಂದನೆ, ಹೊಸ ಕೆಲಸ ಹಿಡಿದವರಿಗೆ ಶುಭಾಶಯ, ಕೆಲಸ ಹೋದವರಿಗೆ ಧೈರ್ಯದ ಎರಡು ಸಾಲು. ತನಗಿಂತ ಇಪ್ಪತ್ತು ವರ್ಷ ಚಿಕ್ಕವರು ಬರೆದ ಒಣ ಉಪದೇಶಕ್ಕೂ ಒಂದು ಮೆಚ್ಚುಗೆ. ಹೀಗೆ ಕೂಡಿದ ಹೆಸರುಗಳು ನಾಲ್ಕು ಸಾವಿರದ ಇನ್ನೂರು.

ಅವರಲ್ಲಿ ಅವಳನ್ನು ಎಲ್ಲರಿಗಿಂತ ಹೆಚ್ಚು ಹೊಗಳಿದ್ದ ರೋಹನ ಜವಳಿ ಈಗ ಹುಬ್ಬಳ್ಳಿಯ ಗೋಕುಲ ರಸ್ತೆಯ ಮಹಡಿ ಕೋಣೆಯೊಂದರಲ್ಲಿ ತಲೆಗೆ ಯಂತ್ರದ ಪಟ್ಟಿ ಕಟ್ಟಿಕೊಂಡು ಕೂತಿದ್ದ. ಎದುರಿನ ಪರದೆಯ ಮೇಲೆ ಸುಪ್ರಿಯಾಳ ಮುಖ, ಅವಳ ಕೈಬರಹ, ಅವಳು ಪರೀಕ್ಷಿಸಿದ ಲೋಹದ ಎರಕಗಳು, ಸಂಬಂಧವಿಲ್ಲದ ನೂರಾರು ಚಿತ್ರಗಳ ನಡುವೆ ಬೆರೆತು ಮಿಂಚಿ ಮರೆಯಾದವು. ಯಂತ್ರ ಅಂಕ ತೋರಿಸಿತು. ನೂರಕ್ಕೆ ಏಳು.

"ಏಳ ಏನ್ರೀ?" ಎಂದಳು ಸುಪ್ರಿಯಾ.

"ಖರೇ ಹೇಳ್ತೇನಿ ಮೇಡಂ, ನಿಮ್ಮನ್ನ ನೋಡಿದ್ದ ಇವತ್ತ."

"ಮತ್ತ 'ನಾನು ಕಂಡ ಅತ್ಯುತ್ತಮ ಪರೀಕ್ಷಕಿ' ಅಂತ ಬರದಿದ್ರಿ?"

"ನೀವೂ ನನಗ ಬರದಿದ್ರಲ್ರೀ, ಅದಕ್ಕ," ಎಂದು ರೋಹನ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟು, ತಿರುಗಿ ನೋಡದೆ ಮೆಟ್ಟಿಲಿಳಿದ.

ಅದು 2059. ಶಿಫಾರಸು ಬರೆಯುವ ಕೆಲಸ ಯಂತ್ರಗಳ ಪಾಲಾಗಿ ದಶಕಗಳೇ ಕಳೆದಿದ್ದವು. ಬೆರಳು ಒತ್ತಿದರೆ ನೂರು ಜನರ ಹೊಗಳಿಕೆ ಸಿದ್ಧವಾಗುತ್ತಿದ್ದುದರಿಂದ ಕಂಪನಿಗಳು ಯಾವುದನ್ನೂ ನಂಬುತ್ತಿರಲಿಲ್ಲ. ಡಾ. ಶ್ರೇಯಸ್ ಗುಡಗೇರಿ ಗುರುತುಮಾಪಕವನ್ನು ಕಟ್ಟಿದ್ದು ಈ ಸುಳ್ಳಿಗೆ ಕಡಿವಾಣ ಹಾಕಲೆಂದೇ. ನಿಜವಾಗಿ ಬಲ್ಲ ವಸ್ತುವೋ ಮುಖವೋ ಕಣ್ಣಿಗೆ ಬಿದ್ದರೆ, ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತಿಗೆ ಮಿದುಳಿನಲ್ಲಿ ಒಂದು ಅಲೆ ಏಳುತ್ತದೆ. ಮನಸ್ಸು ಮಾಡಿ ಅದನ್ನು ಎಬ್ಬಿಸಲೂ ಆಗದು, ಅಡಗಿಸಲೂ ಆಗದು. ಪಟ್ಟಿಯೊಳಗಿನ ಸೂಕ್ಷ್ಮ ತಂತಿಗಳು ಆ ಅಲೆಯ ಎತ್ತರವನ್ನು ಅಳೆಯುತ್ತಿದ್ದವು. ಅಭ್ಯರ್ಥಿಯೊಬ್ಬರು ಮೂವರು ಸಾಕ್ಷಿಗಳನ್ನು ಕರೆತರಬೇಕು, ಮೂವರ ಅಂಕ ಕೂಡಿ ಅರವತ್ತು ಮುಟ್ಟಬೇಕು. ಇದು ನಿಯಮ.

ಎರಡನೇ ಸಾಕ್ಷಿ ನಾಲ್ಕು ಅಂಕ ಕೊಟ್ಟು ಹೋದಳು. ಒಟ್ಟು ಹನ್ನೊಂದು.

ಸುಪ್ರಿಯಾಗೆ ನಲವತ್ತೊಂಬತ್ತು. ಎಕ್ಸ್-ರೇ ಹಿಡಿದು ಎರಕದೊಳಗಿನ ಬಿರುಕು ಹುಡುಕುವುದು ಅವಳ ಕಸುಬು. ಬೇರೆ ಕಾರ್ಖಾನೆಗಳಲ್ಲಿ ಆ ಕೆಲಸವನ್ನು ಯಂತ್ರದ ಕಣ್ಣೇ ಮಾಡುತ್ತಿತ್ತು. ಜಲಜನಕದ ಕೊಳವೆಗಳಿಗೆ ವಾಲ್ವ್ ಮಾಡುವಲ್ಲಿ ಮಾತ್ರ ಮನುಷ್ಯ ಪರೀಕ್ಷಕರು ಇರಲೇಬೇಕೆಂದು ಕಾನೂನಿತ್ತು. ಅಂಥ ಕಾರ್ಖಾನೆ ಊರಲ್ಲಿದ್ದುದು ಒಂದೇ, ಖಾಲಿಯಿದ್ದ ಜಾಗವೂ ಒಂದೇ. ಮರುದಿನ ಸಂಜೆ ನಾಲ್ಕಕ್ಕೆ ಅರ್ಜಿ ಮುಚ್ಚುತ್ತಿತ್ತು. ಇದು ತಪ್ಪಿದರೆ ಅವಳ ಕಸುಬು ಅಲ್ಲಿಗೆ ಮುಗಿದಂತೆ.

"ನಿಮ್ಮ ಕೆಲಸಾ ದಿನಾ ಕಣ್ಣಾರೆ ನೋಡಿದವರು ಯಾರೂ ಇಲ್ಲೇನ್ರೀ?" ಎಂದು ಯಂತ್ರದ ಪಕ್ಕ ನಿಂತಿದ್ದ ಗುಡಗೇರಿ ಕೇಳಿದರು.

"ಒಬ್ಬಾಂವ ಅದಾನ್ರೀ. ನನ್ನ ಹೆಸರ ತಗದ್ರ ಸಾಕು, ಉಗುಳಿ ಬಾಯಿ ತೊಳಕೋತಾನ."

"ಹಂಗಾದ್ರ ಬ್ಯಾಡ್ರಿ. ಪ್ರೀತಿ ಇಲ್ಲದಲ್ಲಿ ಅಲೆ ಏಳೂದಿಲ್ಲ."

ಗುಡಗೇರಿ ಹಾಗೆ ನಂಬಿದ್ದರಲ್ಲಿ ಕಪಟವಿರಲಿಲ್ಲ. ಯಂತ್ರ ಕಟ್ಟುವಾಗ ಅವರ ಪ್ರಯೋಗಗಳಿಗೆ ಬಂದು ಕೂತವರೆಲ್ಲ ಗೆಳೆಯರು, ಸಹಪಾಠಿಗಳು, ಅಣ್ಣತಮ್ಮಂದಿರು. ಹಗೆಗಳನ್ನು ಕರೆದು ಕೂರಿಸುವುದು ಅವರಿಗೆ ಹೊಳೆದೇ ಇರಲಿಲ್ಲ. ಸುಪ್ರಿಯಾ ವಾದಿಸಲಿಲ್ಲ. ಆ ಮನುಷ್ಯನನ್ನು ತಾನೆಷ್ಟು ನೆನಪಿಟ್ಟಿದ್ದೇನೆಂದು ಅವಳಿಗೆ ಗೊತ್ತಿತ್ತು; ಅವನ ನೆನಪು ಅದಕ್ಕಿಂತ ಕಡಿಮೆಯಿರದು. ಅಲ್ಲಿಂದ ನೇರ ಹಳೇ ಹುಬ್ಬಳ್ಳಿಗೆ ಹೋದಳು.

ಈರಣ್ಣ ಪತ್ತಾರ ಹಿಂದೆ ಅವಳಿದ್ದ ಕಾರ್ಖಾನೆಯಲ್ಲಿ ಎರಕದ ಫೋರ್‌ಮನ್. ಈಗ ಅರವತ್ತೇಳರ ಮುದುಕ, ಮಿಕ್ಸರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಅವಳನ್ನು ಕಂಡು ಸ್ಕ್ರೂಡ್ರೈವರ್ ಕೆಳಗಿಟ್ಟ.

"ಅಬಬಬಾ, ಮೇಡಮ್ಮಾರು! ಮಿಕ್ಸರ್ ರಿಜೆಕ್ಟ್ ಮಾಡಾಕ ಬಂದ್ರೇನ? ಕೆಂಪು ಬಣ್ಣದ ಡಬ್ಬಿ ಎಲ್ಲೈತಿ?"

"ಈರಣ್ಣಾರ, ನನ್ನ ನೌಕರಿ ಸಾಕ್ಷಿಗೆ ಬರ್ತೀರೇನು ಕೇಳಾಕ ಬಂದೇನಿ."

ಅವನು ನಕ್ಕ. ಅಂಗಡಿಯಲ್ಲಿ ಕೂತಿದ್ದ ಗಿರಾಕಿಯೂ ನಕ್ಕ, ಯಾಕೆಂದು ಅವನಿಗೆ ಗೊತ್ತಿರಲಿಲ್ಲ. "ನಿನ್ನ ಸಾಕ್ಷಿ, ನಾನು? ನಾ ಹೇಳಿದ್ದನ್ನ ಅಲ್ಲಿ ಬರಕೋತಾರೇನ?"

"ಏನ ಬೇಕಾದ್ರೂ ಹೇಳ್ರಿ. ಯಾರೂ ತಡಿಯೂದಿಲ್ಲ."

ಕೇಳಿದ್ದಕ್ಕೆ ಅದು ಉತ್ತರವಲ್ಲ. ಈರಣ್ಣ ಅದನ್ನು ಗಮನಿಸಲಿಲ್ಲ. "ಬರ್ತೇನಿ. ಹದಿನಾರು ವರ್ಷದಿಂದ ಕೂಡಿಟ್ಟೇನಿ. ಎಲ್ಲಾ ಹೇಳಿ ಬರ್ತೇನಿ."

ಮರುದಿನ ಮೂರು ಗಂಟೆಗೆ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ. ನ್ಯಾಯಾಲಯಕ್ಕೆ ಬಂದವನ ಹಾಗೆ ಬೆನ್ನು ನೇರ ಮಾಡಿ ಕೂತು ಪಟ್ಟಿ ಕಟ್ಟಿಸಿಕೊಂಡ. ಚಿತ್ರಗಳು ಶುರುವಾದದ್ದೇ ತಡ, ಬಾಯಿ ಬಿಟ್ಟ.

"ಇದ ಮುಖಾ. ಒಂದ ದಿನ ನಮ್ಮ ಕೂಡ ಕೂತು ಚಹಾ ಕುಡೀಲಿಲ್ಲ ಈಕಿ. ಮಾಲಕ ಫೋನ್ ಮಾಡಿ ಪಾಸ್ ಮಾಡ ಅಂದ್ರೂ ಮಾಡ್ತಿರಲಿಲ್ಲ. ಅದನ್ನ ನಾ ತಪ್ಪು ಅನ್ನೂದಿಲ್ಲ. ಹಾಂ, ಇದು! ನಿಲ್ಲಸ್ರಿ ಡಾಕ್ಟರ್ ಸಾಹೇಬ್ರ, ಇದನ್ನ ನೋಡ್ರಿ!"

ಪರದೆಯ ಮೇಲೆ, ತಿರಸ್ಕರಿಸಿದ್ದೆಂದು ಕೆಂಪು ಬಣ್ಣದಲ್ಲಿ ಗುಣಾಕಾರ ಚಿಹ್ನೆ ಬಳಿದ ಎರಕವೊಂದಿತ್ತು.

"ಇಂಥಾವು ಇಪ್ಪತ್ತೆರಡು. ಎಲ್ಲಾದರಾಗೂ ಬಿರುಕೈತಿ ಅಂತ ಬರದ್ಲು. ಚಿತ್ರಾ ತಗಸಿ ನೋಡಿದೆ. ಇಪ್ಪತ್ತೆರಡರಾಗೂ ಅದ ಜಾಗಾದಾಗ, ಅದ ಉದ್ದದ ಗೆರಿ! ಇಪ್ಪತ್ತೆರಡು ಎರಕ ಒಂದ ಜಾಗಾದಾಗ ಸೀಳತಾವೇನ್ರೀ? ಗೆರಿ ಎರಕದಾಗಿಲ್ಲ, ಎಕ್ಸ್-ರೇ ಪ್ಲೇಟ ಕೆರದು ಬಿದ್ದೈತಿ ಅಂತ ಬಡಕೊಂಡೆ. ಯಾರ ಕೇಳ್ತಾರ? ನನ್ನ ಫೋರ್‌ಮನ್ ಕೆಲಸಾ ತಗದು ಮರಳು ಜರಡಿ ಹಿಡಿಯಾಕ ಹಾಕಿದ್ರು. ನಾ ಕಲಿಸಿದ ಹುಡುಗರ ಮುಂದ."

ಚಿತ್ರಗಳು ಮುಗಿದವು. ಅಂಕ ಬಂತು: ಎಂಬತ್ತಾರು. ಆ ಯಂತ್ರ ಅಲ್ಲಿಯ ತನಕ ಅಷ್ಟು ದೊಡ್ಡ ಅಂಕವನ್ನು ಯಾರಿಗೂ ತೋರಿಸಿರಲಿಲ್ಲ. ತಂದೆಮಕ್ಕಳಿಗೂ ಇಲ್ಲ, ಗಂಡಹೆಂಡಿರಿಗೂ ಇಲ್ಲ. ಗುಡಗೇರಿ ಕನ್ನಡಕ ತೆಗೆದು ಮತ್ತೊಮ್ಮೆ ನೋಡಿದರು.

"ಎಂಬತ್ತಾರು ಅಂದ್ರ? ಈಕಿ ತಪ್ಪು ಅಷ್ಟಂತೇನ?" ಎಂದು ಈರಣ್ಣ ಕೇಳಿದ.

"ಅಲ್ರೀ," ಗುಡಗೇರಿಯವರ ದನಿ ಸಣ್ಣದಾಯಿತು. "ನಿಮಗ ಇವರ ನೆನಪು ಅಷ್ಟದ ಅಂತ. ಇವರಿಗೆ ಕೆಲಸ ಸಿಕ್ಕಂಗ."

"ಮತ್ತ ನಾ ಹೇಳಿದ್ದು?"

"ಯಂತ್ರಕ್ಕ ಕಿವಿ ಇಲ್ರೀ."

ಈರಣ್ಣ ಪಟ್ಟಿಯನ್ನು ಕಿತ್ತು ಎಸೆದ. "ಅಳಸ್ರಿ ಅದನ್ನ! ಸೊನ್ನಿ ಹಾಕ್ರಿ!"

"ಆಗಲೇ ಕಂಪನಿಗೆ ಹೋತ್ರೀ."

ಅವನು ಸುಪ್ರಿಯಾಳ ಕಡೆ ತಿರುಗಿದ. "ನಿನಗ ಗೊತ್ತಿತ್ತು. ಗೊತ್ತಿದ್ದ ಕರಕೊಂಡ ಬಂದಿ. ಈಗರೆ ಹೇಳ, ಆ ಗೆರಿ ಎರಕದಾಗಿತ್ತೋ, ಪ್ಲೇಟಿನಾಗಿತ್ತೋ?"

"ಪ್ಲೇಟಿನಾಗ."

"ಯಾವಾಗ ಗೊತ್ತಾತು?"

"ಹದಿನೈದು ದಿನದ ಮ್ಯಾಲ. ಹೊಸ ಪ್ಲೇಟ್ ಬಂತು, ಗೆರಿ ಹೋತು. ಅಷ್ಟೊತ್ತಿಗೆ ಎರಕ ಎಲ್ಲಾ ಕರಗಿಸಿಬಿಟ್ಟಿದ್ರು."

"ಎರಕ ಕರಗಿಸಿದ್ರು. ನನ್ನನ್ನ ಕರಗಿಸಿರಲಿಲ್ಲಲ್ಲ? ಅಲ್ಲೇ ಜರಡಿ ಹಿಡಕೊಂಡು ನಿಂತಿದ್ದೆ. ದಿನಾ ನನ್ನ ಮುಂದ ಹಾದು ಹೋಗ್ತಿದ್ದಿ."

"ಹೇಳಿದ್ರ ನನ್ನ ಕೆಲಸ ಹೋಗ್ತಿತ್ತು."

"ಮತ್ತ ನಂದು?"

ಅವಳು ಕೆಳಗೆ ಬಿದ್ದಿದ್ದ ಪಟ್ಟಿಯನ್ನು ಎತ್ತಿ ಮೇಜಿನ ಮೇಲಿಟ್ಟಳು. "ಬೇಕಾದ್ರ ಬರದು ಕೊಡ್ತೇನಿ," ಎಂದಳು ಕಡೆಗೆ.

"ಯಾರಿಗೆ ತೋರಸ್ಲಿ? ಆ ಕಾರ್ಖಾನಿ ಮುಚ್ಚಿ ಏಳು ವರ್ಷಾತು." ಈರಣ್ಣ ಎದ್ದ. "ನಿನ್ನ ಬೈದ್ರ ನಿನಗ ನೌಕರಿ. ಹೊಗಳಿದ್ರ ಏನ ಸಿಗತಿತ್ತೋ!" ಎಂದು ಬಾಗಿಲು ದೂಡಿಕೊಂಡು ಹೋದ.

ಗುಡಗೇರಿ ಆ ವಾರವೇ ಹಳೆಯ ದಾಖಲೆಗಳನ್ನೆಲ್ಲ ತೆಗೆದು, ದೊಡ್ಡ ಅಂಕ ಕೊಟ್ಟ ಸಾಕ್ಷಿಗಳಿಗೆ ಫೋನ್ ಮಾಡಿ ಮಾತಾಡಿಸಿದರು. ಗೆಳೆಯರೆಂದು ಬಂದು ಕೂತಿದ್ದರೂ, ಅರ್ಧಕ್ಕಿಂತ ಹೆಚ್ಚು ಮಂದಿ ಒಳಗೊಳಗೆ ಅಭ್ಯರ್ಥಿಯನ್ನು ಕಂಡರೆ ಆಗದವರು. ಸುದ್ದಿ ಹೊರಬಿತ್ತು. ವರ್ಷದೊಳಗೆ ನೌಕರಿ ಹುಡುಕುವ ಎಳೆಯರು ಶುಭಾಶಯ ಕಳಿಸುವುದನ್ನು ನಿಲ್ಲಿಸಿ, ತರಬೇತಿಗೆ ಸೇರಿದ ಕಡೆ ಹಿರಿಯರ ಊಟದ ಡಬ್ಬಿ ಬೀಳಿಸುವುದನ್ನೂ ಸಭೆಯಲ್ಲಿ ಹೆಸರು ಹಿಡಿದು ಹೀಯಾಳಿಸುವುದನ್ನೂ ಕಲಿತರು. ನೆನಪಿನಲ್ಲಿ ಉಳಿಯಲು ಅದೇ ಹತ್ತಿರದ ದಾರಿ. ಸಾಕ್ಷಿಗಳ ಮಾತನ್ನೂ ದಾಖಲಿಸಿ ಎಂದು ಗುಡಗೇರಿ ಎಲ್ಲ ಕಂಪನಿಗಳಿಗೆ ಬರೆದರು. ಉತ್ತರ ಬಂದದ್ದು ಒಂದೇ ಕಡೆಯಿಂದ: ಅಂಕ ಸಾಕು, ಮಾತು ಕೇಳುತ್ತ ಕೂರಲು ನಮ್ಮಲ್ಲಿ ಜನರಿಲ್ಲ.

"ನನ್ನ ಯಂತ್ರದ ತಪ್ಪಲ್ಲ ಇದು," ಎಂದು ಅವರು ಒಮ್ಮೆ ಸುಪ್ರಿಯಾಗೆ ಹೇಳಿದರು. "ಯಾರು ಏನಂದ್ರು ಅಂತ ಕೇಳೂದ ಬಿಟ್ಟು, ಎಷ್ಟ ಮಂದಿ ಅದಾರ ಅಂತ ಎಣಿಸೂದು ನಮ್ಮ ಅಪ್ಪಂದಿರ ಕಾಲಕ್ಕ ಸುರು ಆತು. ನಾ ಎಣಿಸೂದನ್ನ ಇನ್ನಷ್ಟು ಚೊಕ್ಕ ಮಾಡಿದೆ, ಅಷ್ಟ."

ಸುಪ್ರಿಯಾ ಈಗ ಯಾವ ಚಿತ್ರದಲ್ಲಿ ಬಿರುಕು ಕಂಡರೂ ಪ್ಲೇಟು ಬದಲಿಸಿ ಇನ್ನೊಂದು ಸಲ ತೆಗೆಯುತ್ತಾಳೆ. ಕೆಲಸ ನಿಧಾನವೆಂದು ಅವಳ ಮೇಲೆ ದೂರಿದೆ. ಎರಡು ಸಲ ಹಳೇ ಹುಬ್ಬಳ್ಳಿಗೆ ಹೋಗಿದ್ದಳು. ಈರಣ್ಣ ತಲೆ ಎತ್ತಲಿಲ್ಲ.

ಅವಳಿಗೆ ನೌಕರಿ ಸಿಕ್ಕಿತು. ಅವನು ಹದಿನಾರು ವರ್ಷ ಹೊತ್ತು ತಿರುಗಿದ ಸತ್ಯ ಬಾಯಿಂದ ಬಂತು, ಒಪ್ಪಿಗೆಯೂ ಆಯಿತು. ಕೇಳಿದವರು ಇಬ್ಬರು. ಬರೆದುಕೊಂಡವರು ಯಾರೂ ಇಲ್ಲ.