ಆರರ ಮೇಲಿನ ಚೀಲ

“ಅಟ್ಟದ ಮ್ಯಾಲ ಆರು ಚೀಲ ಇಡ್ರಿ ಸಾಹೇಬ್ರ, ಸಾಕು. ಹೆಚ್ಚಿಗಿ ಇಡಲೇಬೇಕಂದ್ರ, ಅಲ್ಲಿ ಕುಂತು ಆರರ ಮುಂದಿನ ಅಂಕಿ ಮಾತ್ರ ಬಾಯಾಗ ತರಬ್ಯಾಡ್ರಿ,” ಎಂದಳು ಮನೆಯೊಡತಿ ಗುರುಲಿಂಗವ್ವ.

ತಿಮ್ಮರಾಜು ನಕ್ಕುಬಿಟ್ಟ. ಬೀಜ ಹಂಚುವ ಗುಮಾಸ್ತನಾಗಿ ತಿಪಟೂರಿನಿಂದ ಕೆರೂರಿಗೆ ಬಂದು ಅವನಿಗೆ ಎರಡೇ ತಿಂಗಳು. ಎಪ್ಪತ್ತೆಂಟನೇ ಇಸವಿಯ ಮಳೆಗೆ ಉಗ್ರಾಣ ಸೋರಿ, ಹನ್ನೆರಡು ಚೀಲ ಜೋಳದ ಬೀಜ ಅವನ ಬಾಡಿಗೆ ಮನೆಯ ಇದ್ದೊಂದು ಕೋಣೆಯನ್ನು ನುಂಗಿ ಕೂತಿತ್ತು. ಮದುವೆಯಾಗಿ ವರ್ಷವಾದರೂ ತವರಿನಲ್ಲೇ ಉಳಿದಿದ್ದ ಹೆಂಡತಿ ಕಮಲಾಕ್ಷಿ ನಾಳೆ ಮಧ್ಯಾಹ್ನದ ಬಸ್ಸಿಗೆ ಬರುವವಳು. ಇಬ್ಬರು ಮಲಗುವಷ್ಟು ಮಂಚಕ್ಕಾದರೂ ಜಾಗ ಬೇಡವೇ? ಆ ಆಸೆಯ ಮುಂದೆ ಮುದುಕಿಯ ಮಾತು ಅವನ ಕಿವಿಗೇ ಇಳಿಯಲಿಲ್ಲ.

“ಮರಕ್ಕೆ ಎಣಿಕೆ ಬರುತ್ತೇನಮ್ಮ? ಹತ್ತಡಿಗೆ ಎಂಟಡಿ ಅಟ್ಟ. ಗೇಣು ದಪ್ಪದ ತೇಗದ ತೊಲೆ ಮೂರಿವೆ. ತೊಲೆ ಮೇಲೇ ಭಾರ ಬೀಳೋ ಹಾಗೆ ಹರಡಿ ಇಟ್ಟರೆ ಹನ್ನೆರಡಲ್ಲ, ಇಪ್ಪತ್ತು ಚೀಲ ಹೊರುತ್ತೆ.”

“ತೊಲಿ ಹೊರತಾವ್ರಿ. ನಾ ತೊಲಿ ಮಾತ ಆಡಾಕತ್ತಿಲ್ಲ.” ಮುದುಕಿ ದನಿ ತಗ್ಗಿಸಿದಳು. “ನಮ್ಮ ಮಾವನ ಮ್ಯಾಲ ದಾಯಾದಿಗಳು ಮಾಟಾ ಮಾಡಿಸಿದ್ರು. ಬಂದದ್ದನ್ನ ಮಂತ್ರದಾವ ಅಲ್ಲೇ ಮಲಗಿಸಿ ಹೋಗ್ಯಾನ. ಅದಕ್ಕ ಮಾತು ಕೇಳಸ್ತೈತ್ರಿ.”

ಹಮಾಲ ಹುಲ್ಲಪ್ಪ ಚೀಲ ಹೊತ್ತು ಏಣಿ ಏರಿದ. ತಿಮ್ಮರಾಜು ಮೇಲೆ ಕೂತು ಎಳೆದುಕೊಳ್ಳುತ್ತಿದ್ದ. ಹೊರಗೆ ಹಾಡುಹಗಲು, ಒಳಗೆ ಕಣ್ಣಿಗೆ ಮೆತ್ತಿಕೊಳ್ಳುವಂಥ ಕತ್ತಲು. ಇಲಿಯ ಹಿಕ್ಕೆ, ಹಳೇ ಮಣ್ಣು, ಅದರಡಿಯಲ್ಲಿ ಕೂದಲು ಸುಟ್ಟ ಕಮಟು ವಾಸನೆ.

“ಲಾಭ,” ಎಂದು ಹುಲ್ಲಪ್ಪ ಮೊದಲ ಚೀಲ ಕೊಟ್ಟ. ಕಾಳು ಅಳೆಯುವಾಗ ಆ ಕಡೆಯವರು ಒಂದು ಎನ್ನುವುದಿಲ್ಲ. “ಎರಡು. ಮೂರು.” ಹೀಗೇ ಆರಾಯಿತು. ಮುಂದಿನ ಚೀಲಕ್ಕೆ ಅವನು, “ಮತ್ತೊಂದು,” ಎಂದ.

“ಮತ್ತೊಂದು ಅಂದ್ರೆ ಎಷ್ಟಯ್ಯ?”

“ಅಷ್ಟ ಅನ್ನೂದ್ರಿ ಸಾಹೇಬ್ರ. ನೀವೂ ಹಂಗ ಅನ್ರಿ.”

ತಿಮ್ಮರಾಜುವಿಗೆ ಗೇಲಿ ಮಾಡುವ ಹುಕಿ ಬಂತು. ಬೇಕೆಂದೇ ಕತ್ತಲಿನ ಕಡೆ ತಿರುಗಿ, ಗಂಟಲು ಬಿಚ್ಚಿ ಕೂಗಿದ.

“ಏಳು. ಏಳು.”

ಎಣಿಕೆಯ ಏಳು ಯಾವುದು, ಎಬ್ಬಿಸುವ ಏಳು ಯಾವುದು, ಮಲಗಿದ್ದಕ್ಕೆ ಹೇಗೆ ಗೊತ್ತಾಗಬೇಕು?

ಹಲಗೆ ಕಿರ್ರೆಂದಿತು. ಮುರಿಯಲಿಲ್ಲ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಗೋಡೆ ಪಕ್ಕದ ಚೀಲಗಳು ಒಂದೊಂದಾಗಿ ಮೇಲೆದ್ದವು. ಅವುಗಳ ಅಡಿಯಿಂದ ಏನೋ ಬೆನ್ನೆತ್ತುತ್ತಿತ್ತು. ಚೀಲಗಳು ಉರುಳಿದವು. ಉಸಿರು ಕೇಳಿಸಿತು. ಅವನದಲ್ಲ.

“ಏನೂ ಮಾತಾಡಬ್ಯಾಡ್ರಿ,” ಕೆಳಗಿನಿಂದ ಗುರುಲಿಂಗವ್ವನ ದನಿ ಬಂತು. “ಸುಮ್ಮನ ಇಳೀರಿ.”

ಇಳಿಯಬೇಕು. ಕಾಲು ಬರಲೊಲ್ಲದು. ಕಮಟು ವಾಸನೆ ಮೂಗಿಗೇ ಬಂತು. ಮುಖಕ್ಕೆ ಬಿಸಿ ಗಾಳಿ ತಾಗಿತು. ಅವನು ಅಂಗಾತ ಬಿದ್ದ. ಜೀವ ಬಾಯಿಗೆ ಬಂತು. ಆ ಬಾಯಿಂದ ಬಂದದ್ದು ಒಂದೇ ಮಾತು.

“ಮಲಗು.”

ಅದು ಮಾತು ಕೇಳಿತು. ಮಲಗಿತು. ಅವನ ಎದೆಯ ಮೇಲೆ.

ಹುಲ್ಲಪ್ಪ ಅವನ ಕಾಲು ಹಿಡಿದು ಹೊರಗೆಳೆದ. ತಿಮ್ಮರಾಜುವಿನ ಸಣಕಲು ದೇಹವನ್ನು ಇಳಿಸುವಷ್ಟರಲ್ಲಿ, ದಿನಕ್ಕೆ ನೂರು ಚೀಲ ಹೊರುವ ಆ ಮನುಷ್ಯನ ಮೊಣಕಾಲು ಕುಸಿದವು. ಡಾಕ್ಟರು ಬಂದು ಎದೆ, ನಾಡಿ ಎಲ್ಲ ನೋಡಿ, ಬರೀ ಹೆದರಿಕೆ ಎಂದು ಹೋದರು.

ಮರುದಿನ ಮಧ್ಯಾಹ್ನ ಕಮಲಾಕ್ಷಿ ಬಂದಳು. ಉಳಿದ ಚೀಲಗಳನ್ನು ಹುಲ್ಲಪ್ಪ ತನ್ನ ಗುಡಿಸಲಿಗೆ ಸಾಗಿಸಿ, ಕೋಣೆ ಗುಡಿಸಿ, ಅಗಲವಾದ ಮಂಚ ಹಾಕಿದ್ದ. ಅದರ ಮೇಲೆ ಗಂಡ ಅಂಗಾತ ಮಲಗಿದ್ದ. ಅವಳನ್ನು ನೋಡಿ ಕಣ್ಣು ತುಂಬಿಕೊಂಡ, ಹತ್ತಿರ ಬರಬೇಡವೆಂದು ತಲೆಯಾಡಿಸಿದ. ಮಾತು ಹೊರಡಲಿಲ್ಲ.

ವರ್ಷ ಕಾದವಳು ಅದನ್ನೆಲ್ಲಿ ಕೇಳುತ್ತಾಳೆ? ಪಕ್ಕದಲ್ಲಿ ಕೂತು ಅವನ ಎದೆ ನೇವರಿಸಲು ಕೈ ಚಾಚಿದಳು. ಕೈ ಎದೆ ಮುಟ್ಟಲಿಲ್ಲ. ಒಂದು ಗೇಣು ಮೇಲೆಯೇ, ಬೆಚ್ಚಗಿನ ಒರಟು ಕೂದಲಿಗೆ ತಗುಲಿ ನಿಂತಿತು. ಅವಳ ಬೆರಳಡಿಯಲ್ಲಿ ಅದು ನಿದ್ದೆಗಣ್ಣಲ್ಲೆಂಬಂತೆ ಮಗ್ಗುಲು ಬದಲಿಸಿತು.