ಉತ್ತ ಮೈದಾನ

ಸೆಪ್ಟೆಂಬರ್ ಹದಿನಾಲ್ಕರ ಭಾನುವಾರ ಬೆಳಗ್ಗೆ ಬಿಳಿಕೆರೆ ಠಾಣೆಗೆ ಬಂದ ಚನ್ನಬಸವಣ್ಣ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವರು ತೀರ್ಥ ಎಫ್‌ಸಿ ಎಂಬ ವೃತ್ತಿಪರ ಫುಟ್‌ಬಾಲ್ ಕ್ಲಬ್ಬಿನ ಮಾಲೀಕರು.

"ಮೈದಾನಾನ ಯಾರೋ ಉತ್ತಾಕ್ಬುಟ್ಟವ್ರೆ ಮೇಡಂ. ಸಂಜೆ ಮ್ಯಾಚಿತ್ತು."

ಇನ್‌ಸ್ಪೆಕ್ಟರ್ ಸಂಘಮಿತ್ರ ದೂರು ಪಡೆದು ಎಫ್‌ಐಆರ್ ದಾಖಲಿಸಿದರು. ಹೆಡ್ ಕಾನ್ಸ್‌ಟೇಬಲ್ ನಿಂಗರಾಜು ಜೀಪು ತೆಗೆದ.

ಪೊಲೀಸ್ ಕೆಲಸ ಸಿಗುವ ಮುಂಚೆ ನಿಂಗರಾಜು ಇದೇ ಕ್ಲಬ್ಬಿನ ಮೊದಲ ತಂಡದಲ್ಲಿ ಆಡಿದವನು. ಹುಣಸೂರಿನಲ್ಲಿ ತಂಬಾಕು ಲಾರಿ ಓಡಿಸುತ್ತಿದ್ದ ಚನ್ನಬಸವಣ್ಣ ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಹುಡುಗರನ್ನು ಆರಿಸಿ ತಂದು ಬೆಂಗಳೂರಿನ ತಂಡಗಳೆದುರು ನಿಲ್ಲಿಸಿದ್ದರು. ಆಮೇಲೆ ಅವರು ಕೋಚ್‌ಗಳನ್ನು ಒಬ್ಬರಾದ ಮೇಲೊಬ್ಬರಂತೆ ಕಿತ್ತುಹಾಕಿದಾಗ, ಜೆರ್ಸಿಯ ಬಣ್ಣ ಬದಲಿಸಿದಾಗ, ಪ್ರಶ್ನೆ ಕೇಳಿದ ನಾಯಕನನ್ನು ಮನೆಗೆ ಕಳಿಸಿದಾಗ ಊರೆಲ್ಲ ಬೈದಿತ್ತು. ನಿಂಗರಾಜು ಮಾತ್ರ ಅವರ ಪರ ವಾದಿಸಿ ಎಷ್ಟೋ ಸ್ನೇಹ ಕೆಡಿಸಿಕೊಂಡಿದ್ದ.

ಗೋಲ್‌ನಿಂದ ಗೋಲ್‌ವರೆಗೆ ನೆಲ ಕೆಂಪಗೆ ಮಗುಚಿ ಬಿದ್ದಿತ್ತು. ಪಂಚರ ಎದುರು ಪಂಚನಾಮೆ ನಡೆಯಿತು. ಗೇಟಿನ ಬೀಗ ಒಡೆದಿರಲಿಲ್ಲ. ಸಂಘಮಿತ್ರ ಬಗ್ಗಿ ಉತ್ತ ಸಾಲಿನ ಮಣ್ಣು ಕೆದಕಿದರು. ಅಂಗೈಯಲ್ಲಿ ನಾಲ್ಕಾರು ಹುರುಳಿ ಕಾಳು ಬಂದವು.

"ಹಾಳು ಮಾಡೋಕೆ ಬಂದೋರು ಬಿತ್ತನೆ ಯಾಕ್ ಮಾಡ್ತಾರೆ? ಯಾರ ಮೇಲೆ ಅನುಮಾನ?"

"ಅಭಿಮಾನಿ ಸಂಘದೋರು," ಎಂದರು ಜೊತೆಗೆ ಬಂದಿದ್ದ ಚನ್ನಬಸವಣ್ಣ. "ತಂಡಾನ ಹುಬ್ಬಳ್ಳಿಯೋರಿಗೆ ಕೊಟ್ಟೆ ಅಂತ ಉರ್ಕೊತಾವ್ರೆ. ಇವತ್ತಿಂದೇ ಇಲ್ಲಿ ಕೊನೇ ಮ್ಯಾಚು. ಇಲ್ಲಿ ಲೇಔಟ್ ಮಾಡ್ತಿದ್ದೀನಿ."

ನಿಂಗರಾಜುವಿನ ಪೆನ್ನು ನಿಂತಿತು. ತಂಡ ಮಾರುತ್ತಾರೆಂದು ಜನ ಆಡಿಕೊಂಡಿದ್ದನ್ನು ಅವನು ನಂಬಿರಲಿಲ್ಲ. ಮೊನ್ನೆಯಷ್ಟೇ ಫೋನಿನಲ್ಲಿ, "ಎಲ್ಲ ಸುಳ್ಳು ಕಣ್ಲಾ" ಎಂದು ನಕ್ಕವರು ಇವರೇ.

ಸಂಘದವರೆಲ್ಲ ಹಿಂದಿನ ದಿನವೇ ಸರಗೂರಿಗೆ ಮದುವೆಗೆ ಹೋಗಿದ್ದು ವಿಚಾರಣೆಯಲ್ಲಿ ಖಚಿತವಾಯಿತು. ಹಿಂತಿರುಗುವಾಗ ನಿಂಗರಾಜು ಜೀಪನ್ನು ಬದಿಗೆ ನಿಲ್ಲಿಸಿದ.

"ಮೇಡಂ, ಗೇಟಿಗೆ ಇನ್ನೊಂದು ಕೀ ಇದೆ. ಪುಟ್ಟಸಿದ್ದಮ್ಮನ ಮನೇಲಿ."

"ಯಾರವರು?"

"ಮೈದಾನದ ಜಾಗ ಅವರದ್ದೇ ಆಗಿತ್ತು. ಮೊದಲ ತಂಡಕ್ಕೆ ಅನ್ನ ಹಾಕಿದ್ದೂ ಅವರೇ."

ಪುಟ್ಟಸಿದ್ದಮ್ಮ ಹಿತ್ತಲಲ್ಲಿ ಟ್ರ್ಯಾಕ್ಟರಿನ ಚಕ್ರಕ್ಕೆ ಮೆತ್ತಿದ್ದ ಮಣ್ಣು ತೊಳೆಯುತ್ತಿದ್ದರು. ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ.

"ಉತ್ತಿದ್ದು ಯಾರು?" ಸಂಘಮಿತ್ರ ಕೇಳಿದರು.

"ನಾನೇ ಕಣವ್ವ."

"ಜಾಗ ಚನ್ನಬಸವಣ್ಣನವರ ಹೆಸರಲ್ಲಿದೆ. ಗೊತ್ತಾ?"

"ಗೊತ್ತು. ಮೈದಾನ ತನ್ನೆಸ್ರಲ್ಲಿ ಇಲ್ದಿದ್ರೆ ಲೀಗಿಗೆ ಸೇರುಸ್ಕೊಳಲ್ಲ ಅಂದ. ದಾನ ಬರ್ಕೊಟ್ಟೆ. ಚೆಂಡು ಉರುಳೋದು ನಿಂತ ದಿನ ನೆಲ ನಿಂದೇ ಕಣಕ್ಕ ಅಂದಿದ್ದ. ನಿಂತೋಯ್ತಲ್ಲ, ಬಿತ್ತುದೆ." ಅವರು ನಿಂಗರಾಜುವಿನತ್ತ ತಿರುಗಿದರು. "ನೀನೂ ಅಲ್ಲೇ ಇದ್ದಲ್ಲಪ್ಪ, ಜಗುಲೀಲಿ ಉಣ್ತಾ."

ನಿಂಗರಾಜು ಅವರನ್ನು ಜೀಪಿಗೆ ಹತ್ತಿಸಿದ.

ಠಾಣೆಯಲ್ಲಿ ಚನ್ನಬಸವಣ್ಣ ಆಕೆಯನ್ನು ಕಂಡು ಕ್ಷಣ ತಬ್ಬಿಬ್ಬಾದರು.

"ಇವರಿಗೆ ನೀವು ಏನಾದ್ರೂ ಮಾತು ಕೊಟ್ಟಿದ್ರಾ?" ಸಂಘಮಿತ್ರ ಕೇಳಿದರು.

"ಇಲ್ಲ ಮೇಡಂ. ಜಾಗ ಕೊಟ್ಟೋರು ಅಂತ ಗೊತ್ತು, ಅಷ್ಟೇ. ಅಂತಾ ಪರಿಚಯ ಏನಿಲ್ಲ."

ಪುಟ್ಟಸಿದ್ದಮ್ಮ ಅವರನ್ನೇ ನೋಡಿದರು. ನಿಂಗರಾಜು ಬರೆಯುತ್ತಿದ್ದ ಹಾಳೆಯನ್ನು ಸಂಘಮಿತ್ರರ ಮುಂದೆ ಸರಿಸಿದ.

"ಮೇಡಂ, ಇದನ್ನ ಬೇರೆಯವರ ಕೈಲಿ ಬರೆಸಿ. ನನ್ನ ಹೇಳಿಕೆ ತಗೊಳ್ಳಿ. ಆ ಮಾತು ಆಡಿದಾಗ ನಾನು ಅಲ್ಲಿದ್ದೆ."

"ಲೇ ನಿಂಗ," ಎಂದರು ಚನ್ನಬಸವಣ್ಣ ಮೆಲ್ಲಗೆ, "ನಿನ್ನ ಮನುಷ್ಯನ್ನ ಮಾಡ್ದೋನು ನಾನು ಕಣ್ಲಾ."

"ಊಟ ಆಕಿದ್ದು ಅವರು ಸಾರ್."

ಅತಿಕ್ರಮ ಪ್ರವೇಶ ಮತ್ತು ಆಸ್ತಿ ಹಾನಿಯ ಆರೋಪದ ಮೇಲೆ ಮಧ್ಯಾಹ್ನ ಮಹಿಳಾ ಕಾನ್ಸ್‌ಟೇಬಲ್ ಪುಟ್ಟಸಿದ್ದಮ್ಮನವರನ್ನು ದಸ್ತಗಿರಿ ಮಾಡಿದರು. ಅದೇ ದಿನ ಠಾಣೆಯಲ್ಲೇ ಜಾಮೀನು ಸಿಕ್ಕಿತು. ನಿಂಗರಾಜುವಿನ ಹೇಳಿಕೆಯೂ ಕಡತ ಸೇರಿತು. ಬಾಯಿಮಾತು ದಾನಪತ್ರದ ಎದುರು ನಿಲ್ಲುವುದು ಕಷ್ಟವೆಂದು ಸಂಘಮಿತ್ರ ಮುಚ್ಚುಮರೆಯಿಲ್ಲದೆ ಹೇಳಿದರು.

ಪುಟ್ಟಸಿದ್ದಮ್ಮ ಹೆಬ್ಬೆಟ್ಟಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡರು.

"ನೆಲ ಓದ್ರೆ ಓಗ್ಲಿ ಬುಡವ್ವ. ಎಂಟು ವರ್ಸ ನನ್ನಟ್ಟೀಲಿ ಉಂಡೋನು ಆ ಚನ್ನಬಸವಣ್ಣ. ಅಕ್ಕ, ಓಯ್ತೀನಿ ಅಂತ ಒಂದು ಮಾತು ಏಳಕ್ಕೂ ಬರ್ನಿಲ್ಲ."