ಬೆನ್ನು ತಿರುಗಿಸಿ ನಿಂತ ಮಕ್ಕಳು

“ಈ ಮೀಸೆ ಯಾರದ್ದಮ್ಮಾ?”

ಡ್ರಾಯಿಂಗ್ ಸರ್ ಲೈಬ್ರರಿಯ ಕತೆಪುಸ್ತಕವನ್ನು ಪಟಾಕಿಯ ಮೂಗಿನ ನೇರಕ್ಕೆ ಹಿಡಿದರು. ಪುಟದ ತುಂಬ ಏಳು ಮಕ್ಕಳು ಬೆನ್ನು ತಿರುಗಿಸಿ ನಿಂತಿದ್ದರು. ಏಳೂ ತಲೆಗಳ ಹಿಂಭಾಗಕ್ಕೆ ಯಾರೋ ಪೆನ್ನಲ್ಲಿ ಕಣ್ಣು, ಮೂಗು, ಕೂಲಿಂಗ್ ಗ್ಲಾಸು, ಗಿರಿಜಾ ಮೀಸೆ ಬರೆದಿದ್ದರು.

ಯಾರೋ ಏನು, ಪಟಾಕಿಯೇ!

ಬಾಯಿ ತೆರೆದರೆ ಸಿನಿಮಾ ಡೈಲಾಗು ಸಿಡಿಯುತ್ತದೆ ಅಂತ ಐದನೇ ಕ್ಲಾಸಿನವರು ಅವಳಿಗಿಟ್ಟ ಹೆಸರು ಅದು. ಈಗಲೂ ಒಂದು ಸಿಡಿಯಿತು.

“ಸಾಕ್ಷಿ ಇಲ್ದೆ ಪಟಾಕಿನ ಹಿಡಿಯೋ ಪೊಲೀಸು ಇನ್ನೂ ಹುಟ್ಟಿಲ್ಲ ಸರ್!”

“ಬೆರಳು ನೋಡ್ಕೋ.”

ನೋಡಿಕೊಂಡಳು. ಎರಡು ಬೆರಳಿಗೂ ನೀಲಿ ಇಂಕು. ಪಟಾಕಿ ಟುಸ್ಸೆಂದಿತು.

ಅಮ್ಮ ಆಸ್ಪತ್ರೆಯ ಲ್ಯಾಬಿನಿಂದ ಬರುವುದು ಆರು ಗಂಟೆಗೆ. ಅಲ್ಲಿಯವರೆಗೆ ಮನೆಗೆ ಬೀಗ. ದಿನಾ ಶಾಲೆ ಬಿಟ್ಟ ಮೇಲೆ ಅವಳಿಗಿದ್ದದ್ದು ಈ ಒಂದೇ ರೂಮು. ಅರ್ಧ ಲೈಬ್ರರಿ, ಅರ್ಧ ಡ್ರಾಯಿಂಗ್ ರೂಮು.

“ಹೆಡ್ ಮಿಸ್‌ಗೆ ಹೇಳ್ಬೇಡಿ ಸರ್. ಲೈಬ್ರರಿ ಕಾರ್ಡ್ ಕಿತ್ಕೊಂಡ್ರೆ ನಾನು ಎಲ್ಲಿ ಕೂರ್ಲಿ?” ಈ ಮಾತು ಯಾವ ಸಿನಿಮಾದ್ದೂ ಆಗಿರಲಿಲ್ಲ.

ಸರ್ ಪುಸ್ತಕದ ಕೊನೇ ಪುಟ ತೆರೆದರು. ಮೂಲೆಯಲ್ಲಿ ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ ‘ಚಿತ್ರಗಳು’ ಎಂದಿತ್ತು. ಪಕ್ಕದಲ್ಲಿ ಸರ್ ಹೆಸರು.

“ಅಯ್ಯಯ್ಯಪ್ಪ! ಇದು ನೀವು ಬರ್ದಿದ್ದಾ?”

“ಹೂಂ. ಆ ಕಪಾಟಲ್ಲಿರೋ ಪುಸ್ತಕಗಳಿಗೂ ನಾನೇ ಬರ್ದಿದ್ದು.”

ಪಟಾಕಿ ಒಂದೊಂದೇ ಪುಸ್ತಕ ಎಳೆದು ತಿರುವಿದಳು. ಹಳೇ ಪುಸ್ತಕಗಳಲ್ಲಿ ಮಕ್ಕಳು ಹಲ್ಲು ಕಿರಿಯುತ್ತಿದ್ದರು, ಅಳುತ್ತಿದ್ದರು, ನಾಲಿಗೆ ಚಾಚುತ್ತಿದ್ದರು. ಹೊಸ ಪುಸ್ತಕಗಳಲ್ಲಿ ಬರೀ ಬೆನ್ನು. ಮರ ಹತ್ತುವ ಬೆನ್ನು, ಓಡುವ ಬೆನ್ನು, ಬ್ಯಾಗು ಹೊತ್ತ ಬೆನ್ನು.

“ಏನ್ ಸರ್, ಮುಖ ಬರೆಯೋದು ಮರ್ತೋಯ್ತಾ?”

ಸರ್‌ಗೆ ನಗು ಬಂತು. “ಮುಖ ಬರೆಯೋಕೆ ಯಾರಾದ್ರೂ ಎದುರಿಗೆ ಕೂರ್ಬೇಕಲ್ಲ ತಾಯಿ. ಮೊದ್ಲು ವಾರಕ್ಕೆ ಮೂರು ಪೀರಿಯಡ್ ಇತ್ತು. ಒಬ್ರು ಸ್ಟೂಲ್ ಮೇಲೆ ಕೂತ್ರೆ ಎಲ್ರೂ ನೋಡ್ಕೊಂಡು ಬರೀತಿದ್ವಿ. ಈಗ ಗಣಿತದ ಮಿಸ್ ಬಂದು, ‘ಪೋರ್ಷನ್ ಮುಗ್ದಿಲ್ಲ ಸರ್, ಇವತ್ತೊಂದಿನ ಕೊಡಿ’ ಅಂತಾರೆ. ದಿನಾ ಇವತ್ತೊಂದಿನವೇ! ನಂಗೆ ಮಕ್ಕಳು ಕಾಣೋದು ಆ ಕಿಟಕೀಲಿ. ಬೆಲ್ ಹೊಡೆದ್ಮೇಲೆ.”

ಪಟಾಕಿ ಕಿಟಕಿಯತ್ತ ನೋಡಿದಳು. ಎಲ್ಲರೂ ಗೇಟಿನ ಕಡೆಗೆ ಓಡುತ್ತಿದ್ದರು. ಒಬ್ಬರೂ ಇತ್ತ ತಿರುಗಲಿಲ್ಲ. ದಿನಾ ಅವಳೂ ಇದನ್ನೇ ನೋಡುತ್ತಿದ್ದಳು, ಇದೇ ಕಿಟಕಿಯಿಂದ.

ಅವಳು ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು ತಂದಳು. ಮೇಲಿನ ಧೂಳನ್ನು ಉಫ್ ಎಂದು ಊದಿದಳು.

“ಶಿಕ್ಷೆ ಅಂತ ನಾನು ಕೂರ್ತೀನಿ. ಹೆಡ್ ಮಿಸ್‌ಗೆ ಹೇಳೋ ಹಾಗಿಲ್ಲ. ಡೀಲಾ?”

“ಇಪ್ಪತ್ತು ನಿಮಿಷ ಅಲ್ಲಾಡ್ಬಾರ್ದು. ಮಾತೂ ಇಲ್ಲ. ಆಗುತ್ತಾ?”

“ಇಪ್ಪತ್ತಾ! ಅಷ್ಟರಲ್ಲಿ ಹೀರೋ ಮೂರು ಫೈಟು ಮುಗಿಸಿರ್ತಾನೆ ಸರ್!”

ಸರ್ ಪೆನ್ಸಿಲ್ ಎತ್ತಿಕೊಂಡರು. “ಡೀಲು.”

ಮೊದಲ ನಿಮಿಷ ಮೂಗು ತುರಿಸಿತು. ಆಮೇಲೆ ಒಂದು ಡೈಲಾಗು ಗಂಟಲಿನವರೆಗೂ ಬಂತು. ನುಂಗಿದಳು.

ಸರ್ ಹಾಳೆ ನೋಡಿದರು. ಅವಳನ್ನು ನೋಡಿದರು. ಮತ್ತೆ ಹಾಳೆ, ಮತ್ತೆ ಅವಳು. ಕ್ಲಾಸಿನಲ್ಲಾದರೆ ಡೈಲಾಗು ಹೊಡೆದಾಗ ಮಾತ್ರ ತಲೆಗಳು ಇತ್ತ ತಿರುಗುತ್ತವೆ, ನಕ್ಕು ಮತ್ತೆ ಅತ್ತ ಹೋಗುತ್ತವೆ. ಇಲ್ಲಿ ಅವಳು ಬಾಯಿಯೇ ಬಿಟ್ಟಿರಲಿಲ್ಲ. ಆದರೂ ಸರ್ ಮತ್ತೆ ಮತ್ತೆ ತಲೆ ಎತ್ತುತ್ತಿದ್ದರು.

ಗೇಟಿನ ಗಲಾಟೆ ಅಡಗಿತು. ಗೋಡೆ ಗಡಿಯಾರದಲ್ಲಿ ಅರ್ಧ ಗಂಟೆ ದಾಟಿತ್ತು.

“ಆಯ್ತಾ ಸರ್?”

“ಇನ್ನೊಂಚೂರು. ಕಿವಿ ಬಾಕಿ ಇದೆ.”

ಸರ್ ಕನ್ನಡಕ ಒರೆಸಲು ತಲೆ ತಗ್ಗಿಸಿದರು. ಪಟಾಕಿ ಮೆಲ್ಲಗೆ ಕತ್ತು ಚಾಚಿ ಇಣುಕಿದಳು. ಹಾಳೆಯಲ್ಲಿ ಅವಳ ಮುಖ ಇತ್ತು. ಕಿವಿ ಎರಡೂ ಇದ್ದವು. ಓಲೆ ಕೂಡ ಬರೆದಾಗಿತ್ತು.

ಬೇರೆ ದಿನವಾಗಿದ್ದರೆ ‘ಕಳ್ಳ ಸಿಕ್ಕಿಬಿದ್ದ!’ ಅಂತ ಶಾಲೆಯೇ ಅದುರುವ ಹಾಗೆ ಕೂಗುತ್ತಿದ್ದಳು.

ಸರ್ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಪಟಾಕಿ ಗಲ್ಲವನ್ನು ಮೊದಲಿದ್ದ ಕಡೆಯೇ ಇಟ್ಟುಕೊಂಡು, ಅಲ್ಲಾಡದೆ ಕೂತಿದ್ದಳು.